ಗಾಜಿನ ಮನೆಯಲ್ಲಿ ಬೇಟೆಮೀನು

ಸಿರಿಗೇರಿಯಿಂದ ಪಡುವಣಕ್ಕೆ ಹೊರಟರೂ ಮೂಡಣಕ್ಕೆ ಹೊರಟರೂ ಕಡಲು ಕಣ್ಣಿಗೆ ಬೀಳಬೇಕಾದರೆ ಹೆಚ್ಚುಕಡಿಮೆ 300 ಕಿಲೋಮೀಟರು ಸಾಗಬೇಕು. ಕಪ್ಪು ನೆಲ, ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆ, ಬೇಸಗೆಯಲ್ಲಿ 40 ಡಿಗ್ರಿ ಮೀರುವ ಬಿಸಿಲು, ಇವುಗಳ ನಡುವೆ ಬಾಳುವ ಬಳ್ಳಾರಿ ಸೀಮೆಯವರಿಗೆ ಹವಳದ ದಿಬ್ಬವೆಂಬುದು ಪುಸ್ತಕದಲ್ಲಿ ಓದಿದ ಮಾತು. ಆದರೂ ಮನಸ್ಸು ಮಾಡಿದ ಗೃಹಸ್ಥನೊಬ್ಬನು ಇಂದು ಬಳ್ಳಾರಿಯಲ್ಲಾಗಲಿ ಸಿರುಗುಪ್ಪದಲ್ಲಾಗಲಿ ತನ್ನ ಹಜಾರದ ಮೂಲೆಯಲ್ಲಿ ಒಂದು ತುಂಡು ಸಮುದ್ರವನ್ನು ನಿಲ್ಲಿಸಿಕೊಳ್ಳಬಲ್ಲನು. ಅದಕ್ಕೆ ಬೇಕಾದ ಉಪ್ಪು ಚೀಲದಲ್ಲಿ ಬರುತ್ತದೆ. ಮೀನು ಪ್ರಾಣವಾಯು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ.

ಹೀಗೆ ಬರುವ ಮೀನುಗಳೆಲ್ಲ ಸಾಧುಗಳಲ್ಲ. ಮೈತುಂಬ ಕೆಂಪು ಬಿಳಿ ಪಟ್ಟೆ, ಬೀಸಣಿಗೆಯಂಥ ರೆಕ್ಕೆ ಇರುವ ಸಿಂಹಮೀನು. ಕಲ್ಲಿನ ತುದಿಯಲ್ಲಿ ಕುಳಿತು ಸುತ್ತ ನೋಡುತ್ತ, ತಟ್ಟನೆ ಎರಗುವ ಗಿಡುಗಮೀನು. ನಮ್ಮ ಕರಾವಳಿಯವರು ಮುರುಮೀನು ಎಂದು ಕರೆಯುವ ದೊಡ್ಡ ಬಾಯಿಯ ಜಾತಿ. ಇವೆಲ್ಲ ಬೇಟೆಗಾರ ಮೀನುಗಳು. ಇವುಗಳಲ್ಲಿ ಕೆಲವಕ್ಕೆ ವ್ಯಾಪಾರಸ್ಥರು ‘ಅರೆ ಆಕ್ರಮಣಕಾರಿ’ ಎಂದು ಹೆಸರಿಟ್ಟಿರುವುದುಂಟು. ಅದರ ಅರ್ಥವನ್ನು ಬಿಡಿಸಿ ಹೇಳುವುದಾದರೆ, ತನಗೆ ಸಮನಾದವರ ತಂಟೆಗೆ ಸುಮ್ಮನೆ ಹೋಗದು, ಬಾಯಲ್ಲಿ ಹಿಡಿಸುವಷ್ಟು ಚಿಕ್ಕದನ್ನು ಮಾತ್ರ ಬಿಡದು ಎಂದಷ್ಟೇ. ನೋಡಲು ಚೆಲುವು, ಸಾಕಲು ಕಷ್ಟ.

ಇಂಥ ಮೀನನ್ನು ಸಾಕುವ ಆಸೆ ನಮ್ಮ ಕಾಲದಲ್ಲಿ ಹುಟ್ಟಿದ್ದೆಂದು ನೀವು ಭಾವಿಸಬಹುದು. ಹಾಗಲ್ಲ. ಈ ಆಸೆಗೆ 2000 ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯುದ್ದಕ್ಕೂ ಮನುಷ್ಯನು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಬಂದಿದ್ದಾನೆ. ಮೀನಿಗೆ ಏನು ತಿನ್ನಿಸಬೇಕು? ಯಾವ ನೀರಿನಲ್ಲಿ ಇಡಬೇಕು? ಯಾರ ಜೊತೆಯಲ್ಲಿ ಇಡಬೇಕು? ಬೇಡವಾದಾಗ ಏನು ಮಾಡಬೇಕು? ಮೊದಲ ಮೂರಕ್ಕೆ ಉತ್ತರ ಸಿಕ್ಕಿದೆ. ನಾಲ್ಕನೆಯದನ್ನು ಬಹುಮಂದಿ ಕೇಳಿಕೊಳ್ಳುವುದೇ ಇಲ್ಲ. ಹಾಗೆ ಕೇಳಿಕೊಳ್ಳದೆ ಇದ್ದುದರ ಫಲವನ್ನು ಕಡಲೂ ಕೆರೆಗಳೂ ಉಣ್ಣುತ್ತಿವೆ.

ಮೊದಲನೆಯ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಬಹಳ ಹಿಂದೆ ಉತ್ತರ ಬರೆದಿಟ್ಟವನು ಒಬ್ಬ ಅರಸ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದನು. ಅವನಿಗೆ ಭೂಲೋಕಮಲ್ಲನೆಂಬ ಬಿರುದಿತ್ತು. ಬಳ್ಳಾರಿ ಸೀಮೆಯೂ ಆ ಸಾಮ್ರಾಜ್ಯದೊಳಗೇ ಇತ್ತು. ಕುರುಗೋಡಿನ ಸಿಂದರು ಚಾಲುಕ್ಯರ ಸಾಮಂತರಾಗಿದ್ದರು. ಈ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಇನ್ನೊಂದು ಹೆಸರೂ ಉಂಟು. ರಾಜನೀತಿ, ಅಡಿಗೆ, ಸಂಗೀತ, ಚಿತ್ರಕಲೆ, ಆನೆ, ಕುದುರೆ ಹೀಗೆ ನೂರು ವಿಷಯಗಳನ್ನು ಹೇಳುವ ಈ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೊಂದಿದೆ. ಗಾಳ ಹಾಕಿ ಮೀನು ಹಿಡಿಯುವ ಅರಸರ ಆಟವೇ ಅದರ ವಿಷಯ.

ಆದರೆ ಓದಿ ನೋಡಿದರೆ ಅದು ಬರಿಯ ಗಾಳದ ಮಾತಲ್ಲ. ಕಡಲಿನ ಮೀನು, ನದಿಯ ಮೀನು ಎಂದೂ, ಹುರುಪೆ ಇರುವುದು, ಬರಿಮೈಯದು ಎಂದೂ, ದೊಡ್ಡದು, ನಡುವಿನದು, ಚಿಕ್ಕದು ಎಂದೂ ಅಲ್ಲಿ ವಿಂಗಡಣೆಯಿದೆ. 35ರಷ್ಟು ಜಾತಿಯ ಮೀನುಗಳ ಹೆಸರುಗಳಿವೆ. ಹಿಡಿಯುವುದಕ್ಕೆ ಮುಂಚೆ ಮೀನುಗಳಿಗೆ ಒಂದು ಗೊತ್ತಾದ ಜಾಗದಲ್ಲಿ ತಪ್ಪದೆ ಆಹಾರ ಹಾಕಿ ರೂಢಿ ಮಾಡಿಸಬೇಕೆಂದು ಹೇಳಿ, ಅನ್ನ ಹಿಟ್ಟು ತಿನ್ನುವ ಮೀನಿಗೆ ಅದನ್ನೇ, ಮಾಂಸ ತಿನ್ನುವುದಕ್ಕೆ ಮಾಂಸವನ್ನೇ ಕೊಡಬೇಕೆಂದು ವಿವರಿಸಿದೆ. ಒಂದೊಂದು ಮೀನಿನ ಹೊಟ್ಟೆ ಒಂದೊಂದು ಬಗೆ ಎಂಬ ತಿಳಿವಳಿಕೆ ಸುಮಾರು 900 ವರ್ಷಗಳ ಹಿಂದೆ ಕನ್ನಡ ನಾಡಿನ ಅರಮನೆಯಲ್ಲಿ ಇತ್ತೆಂಬುದು ಇದರಿಂದ ಗೊತ್ತಾಗುತ್ತದೆ. 1951ರಲ್ಲಿ ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಈ ಅಧ್ಯಾಯವನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಇದು ಸಾಕುವ ಶಾಸ್ತ್ರವಲ್ಲ, ಹಿಡಿಯುವ ಶಾಸ್ತ್ರ, ನಿಜ. ಆದರೆ ಮೀನಿಗೆ ಉಣ್ಣಿಸುವ ಪಾಠ ಎರಡಕ್ಕೂ ಒಂದೇ.

ಸೋಮೇಶ್ವರನಿಗಿಂತ ಸಾವಿರ ವರ್ಷಕ್ಕೂ ಹಿಂದೆ, ದೂರದ ರೋಮಿನಲ್ಲಿ, ಬೇಟೆಮೀನನ್ನು ಮನೆಯಲ್ಲೇ ಸಾಕಿದ ಶ್ರೀಮಂತರಿದ್ದರು. ಕಡಲ ದಡದ ತಮ್ಮ ಬಂಗಲೆಗಳ ಬಳಿ ಬಂಡೆ ಕೊರೆದು ಕೊಳ ಮಾಡಿಸಿ, ಭರತದ ನೀರು ಒಳಗೆ ಬಂದು ಇಳಿತದಲ್ಲಿ ಹೊರಗೆ ಹೋಗುವಂತೆ ತೂಬು ಇಡಿಸುತ್ತಿದ್ದರು. ಅದರಲ್ಲಿ ಅವರಿಗೆ ಅಚ್ಚುಮೆಚ್ಚಾದುದು ಮೊರೇ ಎಂಬ, ಹಾವಿನಂತೆ ಉದ್ದನೆಯ, ಚೂಪು ಹಲ್ಲಿನ ಮೀನು. ವಾಗ್ಮಿ ಕ್ರಾಸಸ್ ಎಂಬುವನು ತಾನು ಸಾಕಿದ ಮೀನು ಸತ್ತಾಗ ಕಣ್ಣೀರು ಹಾಕಿದನಂತೆ. ಅಂಟೋನಿಯಾ ಎಂಬ ರಾಜವಂಶದ ಹೆಣ್ಣುಮಗಳು ತನ್ನ ಮೀನಿಗೆ ಓಲೆ ತೊಡಿಸಿದ್ದಳೆಂದು ಪ್ಲೀನಿಯು ಬರೆದಿದ್ದಾನೆ.

ಅದೇ ರೋಮಿನ ಇನ್ನೊಂದು ಕಥೆ ಮೈ ನಡುಗಿಸುವಂಥದು. ವೇಡಿಯಸ್ ಪೋಲಿಯೋ ಎಂಬ ಸಿರಿವಂತನು ತಪ್ಪು ಮಾಡಿದ ಗುಲಾಮರನ್ನು ಈ ಮೀನುಗಳ ಕೊಳಕ್ಕೆ ತಳ್ಳಿಸುತ್ತಿದ್ದನಂತೆ. ಒಮ್ಮೆ ಚಕ್ರವರ್ತಿ ಅಗಸ್ಟಸನು ಅವನ ಮನೆಗೆ ಊಟಕ್ಕೆ ಬಂದಿದ್ದಾಗ ಹುಡುಗನೊಬ್ಬ ಸ್ಫಟಿಕದ ಬಟ್ಟಲೊಂದನ್ನು ಒಡೆದ. ಯಜಮಾನನು ಅವನನ್ನು ಕೊಳಕ್ಕೆ ಹಾಕಲು ಹೇಳಿದ. ಹುಡುಗ ಚಕ್ರವರ್ತಿಯ ಕಾಲಿಗೆ ಬಿದ್ದು, ಸಾಯುವುದಾದರೆ ಬೇರೆ ಬಗೆಯಲ್ಲಿ ಸಾಯುವಂತೆ ಮಾಡಿರೆಂದು ಬೇಡಿದ. ಅಗಸ್ಟಸನು ಅವನನ್ನು ಬಿಡಿಸಿ, ಮನೆಯಲ್ಲಿದ್ದ ಸ್ಫಟಿಕದ ಪಾತ್ರೆಗಳನ್ನೆಲ್ಲ ಅಲ್ಲೇ ಒಡೆಸಿ, ಕೊಳವನ್ನು ಮುಚ್ಚಿಸಿದನೆಂದು ಸೆನೆಕನು ಹೇಳುತ್ತಾನೆ. ಮೀನಿಗೆ ಹಸಿವು ಮಾತ್ರ ಗೊತ್ತು, ಕ್ರೌರ್ಯವಿದ್ದದ್ದು ಒಡೆಯನಲ್ಲಿ. ಸಾಕಿದ ಪ್ರಾಣಿಯಿಂದಾಗುವ ಕೇಡಿಗೆ ಸಾಕಿದವನೇ ಹೊಣೆ ಎಂಬ ಮಾತಿಗೆ ಇಷ್ಟು ಹಳೆಯ ಸಾಕ್ಷಿಯಿದೆ.

ರೋಮನರ ಉಪಾಯ ಕಡಲ ದಂಡೆಯಲ್ಲಿ ಇರುವವರಿಗಷ್ಟೇ ಸಾಧ್ಯವಿತ್ತು. ಕಡಲಿನಿಂದ ದೂರದ ಊರಿನಲ್ಲಿ ಉಪ್ಪುನೀರಿನ ಜೀವಿಯನ್ನು ಇಡುವುದು ಹೇಗೆ? ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 19ನೆಯ ಶತಮಾನದಲ್ಲಿ. ಅದನ್ನು ಮೊದಲು ಬಿಡಿಸತೊಡಗಿದವರಲ್ಲಿ ಇಬ್ಬರು ಹೆಂಗಸರೆಂಬುದನ್ನು ನಮ್ಮ ಓದುಗ ಸೋದರಿಯರು ಗಮನಿಸಬೇಕು. ಫ್ರಾನ್ಸಿನಲ್ಲಿ ಬಟ್ಟೆ ಹೊಲಿಯುವ ಕೆಲಸದಲ್ಲಿದ್ದು, ಮದುವೆಯಾಗಿ ಸಿಸಿಲಿ ದ್ವೀಪಕ್ಕೆ ಹೋದ ಜಾನ್ ವಿಲ್‌ಪ್ರೋ ಪವರ್ ಎಂಬಾಕೆ 1832ರ ಸುಮಾರಿನಲ್ಲಿ ಕಡಲ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಅವುಗಳ ನಡೆನುಡಿಯನ್ನು ದಿನದಿನವೂ ನೋಡಿ ಬರೆದಿಟ್ಟಳು. 1846ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬಾಕೆ ಕಡಲ ತೀರದಿಂದ ಜೀವಂತ ಹವಳವನ್ನು ಲಂಡನ್ನಿಗೆ ತಂದಳು. ನೀರು ಕೆಡದಂತೆ ಅದನ್ನು ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯಬೇಕಾಗಿತ್ತು. ಈ ಕೆಲಸ ಮನೆಯ ಆಳಿನ ಪಾಲಿಗೆ ಬಂತು. ನಾವು ಹಾಲು ಆರಿಸುವ ಹಾಗೆ ಆ ಮನೆಯವರು ಸಮುದ್ರವನ್ನು ಆರಿಸಿದರು! ಇಂದು ವಿದ್ಯುತ್ತಿನ ಗಾಳಿಯಂತ್ರ ಮಾಡುವ ಕೆಲಸವೂ ಅದೇ.

ಇಂಗ್ಲೆಂಡಿನಲ್ಲಿ ಗಾಜಿನ ಮೇಲಿದ್ದ ಸುಂಕ 1845ರಲ್ಲಿ ಹೋಯಿತು, ಗಾಜು ಅಗ್ಗವಾಯಿತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ‘ಮೀನಿನ ಮನೆ’ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ಬರೆದ ಪುಸ್ತಕದಿಂದ ಮನೆಮನೆಯಲ್ಲೂ ಮೀನಿನ ತೊಟ್ಟಿ ಇಡುವ ಹುಚ್ಚು ಹತ್ತಿತು. ಅಡಿಗೆಯ ಉಪ್ಪು, ಭೇದಿಯುಪ್ಪು, ಮೆಗ್ನೀಷಿಯಂ ಮತ್ತು ಪೊಟ್ಯಾಷಿಯಂ ಲವಣಗಳನ್ನು ಅಳತೆಯಂತೆ ಬೆರೆಸಿ ಕಡಲನೀರು ಮಾಡುವ ವಿಧಾನವನ್ನೂ ಆತನೇ ಪ್ರಕಟಿಸಿದನು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಬಳ್ಳಾರಿಯಲ್ಲಿ ಸಮುದ್ರ ಮಾಡಿಕೊಳ್ಳುವವರಿಗೂ ಈ ಲೆಕ್ಕವೇ ಆಧಾರ.

ನಮ್ಮ ಸೀಮೆಗೂ ಈ ಚರಿತ್ರೆಗೂ ನಂಟಿಲ್ಲದೆ ಇಲ್ಲ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸು ಆಡಳಿತದಲ್ಲಿತ್ತಷ್ಟೆ. ಆ ಮದರಾಸಿನ ಕಡಲ ತೀರದಲ್ಲಿ 1909ರಲ್ಲಿ ಒಂದು ಮತ್ಸ್ಯಾಲಯ ತೆರೆಯಿತು. ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಅವರ ಪ್ರಯತ್ನ ಅದರ ಹಿಂದೆ ಇತ್ತು. ರೈಲಿನಲ್ಲಿ ಮದರಾಸಿಗೆ ಹೋದ ಒಳನಾಡಿನವರು ಜೀವಂತ ಕಡಲಮೀನನ್ನು ಗಾಜಿನ ಆಚೆ ನೋಡಬಹುದಾದ ತಾಣ ಅದಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬಿನ ಭಯದಿಂದ ಅದು ಮುಚ್ಚಿತು. 1951ರಲ್ಲಿ ಮುಂಬಯಿಯಲ್ಲಿ ತಾರಾಪೋರವಾಲಾ ಮತ್ಸ್ಯಾಲಯವೂ, 1983ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಸರಕಾರಿ ಮತ್ಸ್ಯಾಲಯವೂ ಬಂದವು.

ಮನೆಯೊಳಗೆ ಹವಳದ ದಿಬ್ಬವನ್ನೇ ಬೆಳೆಸುವ ದಾರಿಯನ್ನು ತೋರಿಸಿದವರಲ್ಲಿ ಏಷ್ಯಾದವರೇ ಒಬ್ಬರು ಮುಂದಿದ್ದರು. ಜಕಾರ್ತದ ಲೀ ಚಿನ್ ಎಂಗ್ ಎಂಬುವರು ಕಡಲಿನಿಂದ ತಂದ ಜೀವಕಣಗಳಿಂದ ತುಂಬಿದ ಕಲ್ಲು, ಬಿಸಿಲು, ಗಾಳಿಯ ಗುಳ್ಳೆ ಇವಿಷ್ಟರಿಂದಲೇ ಹವಳವನ್ನು ತೊಟ್ಟಿಯಲ್ಲಿ ಬದುಕಿಸಿ, 1961ರಲ್ಲಿ ತಮ್ಮ ಪದ್ಧತಿಯನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. ಇದರ ಗುಟ್ಟು ಕಲ್ಲಿನೊಳಗಿನ ಸೂಕ್ಷ್ಮಜೀವಿಗಳಲ್ಲಿದೆ. ಮೀನು ತಿಂದು ವಿಸರ್ಜಿಸಿದ್ದರಿಂದ ಅಮೋನಿಯಾ ಎಂಬ ವಿಷ ನೀರಿಗೆ ಸೇರುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ತೊಟ್ಟಿ ತಂದ ದಿನವೇ ಮೀನನ್ನೂ ತಂದು ಬಿಡುವವರು ಮೀನಿಗೆ ವಿಷ ಕುಡಿಸಿದಂತೆಯೇ ಸರಿ.

ಬೇಟೆಮೀನಿನ ವಿಚಾರದಲ್ಲಿ ಇದು ಇನ್ನೂ ಬಿಗಿಯಾದ ಲೆಕ್ಕ. ಮಾಂಸ ತಿನ್ನುವ ಮೀನು ಹೆಚ್ಚು ತಿನ್ನುತ್ತದೆ, ಹೆಚ್ಚು ಹೊಲಸು ಮಾಡುತ್ತದೆ. ಹವಳಕ್ಕೋ ಶುದ್ಧವಾದ ನೀರೇ ಬೇಕು. ದೊಡ್ಡ ಜಾತಿಯ ಸಿಂಹಮೀನು ಒಂದಡಿಗೂ ಮೀರಿ ಬೆಳೆಯುತ್ತದೆ. ಅದಕ್ಕೆ 450 ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿ ಬೇಕೆಂಬುದು ಅನುಭವಸ್ಥರ ಮಾತು; ಅಷ್ಟು ನೀರಿನ ಭಾರವೇ 460 ಕಿಲೋಗ್ರಾಂ ಮೀರುತ್ತದೆ. ಮಾಳಿಗೆಯ ಮೇಲಿಡುವ ಮುನ್ನ ಮನೆಯ ತೊಲೆಯನ್ನು ಒಮ್ಮೆ ವಿಚಾರಿಸಿಕೊಳ್ಳಿ. ನೀರಿನ ಬಿಸಿ 25-26 ಡಿಗ್ರಿಯಲ್ಲಿ ನಿಲ್ಲಬೇಕು. ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ತಂಪು ಮಾಡುವ ಯಂತ್ರವಿಲ್ಲದೆ ಇದಾಗದು; ವಿದ್ಯುತ್ತು ನಿಂತರೆ ಯಂತ್ರವೂ ನಿಲ್ಲುತ್ತದೆ. ಈ ಖರ್ಚು ಮೀನಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು.

ಇನ್ನು ಮೂರನೆಯ ಪ್ರಶ್ನೆ, ನೆರೆಹೊರೆಯದು. ಸಿಂಹಮೀನು ಹವಳವನ್ನು ಮುಟ್ಟದು. ಆದರೆ ತನ್ನ ಅರ್ಧದಷ್ಟು ಉದ್ದದ ಮೀನನ್ನೂ ನುಂಗಬಲ್ಲದು. ಸಿಗಡಿಯಂತೂ ಅದಕ್ಕೆ ಹಬ್ಬದೂಟ. ಗಿಡುಗಮೀನು ಚಿಕ್ಕದಾದರೂ ಸಿಗಡಿಯನ್ನೂ ಸಣ್ಣ ಮೀನನ್ನೂ ಬಿಡುವುದಿಲ್ಲ. ಅನುಭವದಿಂದ ಹುಟ್ಟಿದ ಕಟ್ಟಳೆಗಳು ಮೂರು. ಬಾಯಿಗೆ ಹಿಡಿಸುವುದನ್ನು ಜೊತೆಗೆ ಇಡಬೇಡಿ. ಸಾಧು ಮೀನುಗಳನ್ನು ಮೊದಲು ಬಿಟ್ಟು, ಜಗಳಗಂಟನನ್ನು ಕೊನೆಗೆ ಬಿಡಿ. ಮೊದಲು ಬಂದವನು ಇಡೀ ಮನೆ ತನ್ನದೆನ್ನುತ್ತಾನೆ. ಅಡಗಿಕೊಳ್ಳಲು ಕಲ್ಲಿನ ಗವಿಗಳನ್ನು ಧಾರಾಳವಾಗಿ ಇಡಿ.

ಸೋಮೇಶ್ವರನ ಪಾಠ ಇಲ್ಲಿ ಮತ್ತೆ ನೆನಪಿಗೆ ಬರುತ್ತದೆ. ಸಿಂಹಮೀನು ಚಲಿಸುವ ಬೇಟೆಯನ್ನೇ ಬಯಸುವುದರಿಂದ ಕೆಲವರು ಅಗ್ಗದ ಚಿನ್ನದ ಮೀನುಗಳನ್ನು ಅದಕ್ಕೆ ಹಾಕುತ್ತಾರೆ. ಆ ಸಿಹಿನೀರಿನ ಮೀನಿನಲ್ಲಿ ‘ಬಿ1’ ಜೀವಸತ್ವವನ್ನು ನಾಶ ಮಾಡುವ ವಸ್ತುವಿದೆ. ಅದನ್ನೇ ತಿಂದ ಬೇಟೆಮೀನು ಹೊಟ್ಟೆ ತುಂಬಿದ್ದೂ ಸೊರಗುತ್ತದೆ. ಕಡ್ಡಿಯ ತುದಿಗೆ ಸಿಗಡಿಯನ್ನೋ ಕಡಲಮೀನಿನ ತುಂಡನ್ನೋ ಸಿಕ್ಕಿಸಿ ಅಲ್ಲಾಡಿಸಿ ರೂಢಿ ಮಾಡಿಸಿದರೆ ಅದು ಕ್ರಮೇಣ ಕಲಿಯುತ್ತದೆ. ಬೆಳೆದ ಮೀನಿಗೆ ವಾರಕ್ಕೆ ಎರಡು ಮೂರು ಸಲ ಸಾಕು. ಅದರ ಮೈಯಲ್ಲಿ 18 ವಿಷಮುಳ್ಳುಗಳಿವೆಯೆಂಬುದನ್ನು ಮರೆಯಬೇಡಿ. ಚುಚ್ಚಿದರೆ ಆ ಭಾಗವನ್ನು ತಾಳುವಷ್ಟು ಬಿಸಿಯಾದ, 45 ಡಿಗ್ರಿ ಮೀರದ ನೀರಿನಲ್ಲಿಟ್ಟು ಕೂಡಲೇ ವೈದ್ಯರನ್ನು ಕಾಣಬೇಕು. ಮಕ್ಕಳಿರುವ ಮನೆಯಲ್ಲಿ ತೊಟ್ಟಿಗೆ ಮುಚ್ಚಳವಿರಲೇಬೇಕು.

ಈಗ ನಾಲ್ಕನೆಯ ಪ್ರಶ್ನೆಗೆ ಬರೋಣ. ಸಿಂಹಮೀನಿನ ತವರು ನಮ್ಮ ಹಿಂದೂ ಮಹಾಸಾಗರ ಮತ್ತು ಶಾಂತಸಾಗರ. 1985ರಲ್ಲಿ ಅದು ಅಮೆರಿಕದ ಫ್ಲಾರಿಡಾ ತೀರದಲ್ಲಿ, ಎಂದೂ ಇರದಿದ್ದ ಅಟ್ಲಾಂಟಿಕ್ ಕಡಲಿನಲ್ಲಿ, ಕಾಣಿಸಿಕೊಂಡಿತು. ಮನೆಯ ತೊಟ್ಟಿಗಳಿಂದ ಬಿಟ್ಟ ಮೀನುಗಳೇ ಇದಕ್ಕೆ ಮೂಲವೆಂದು ವಿಜ್ಞಾನಿಗಳು ಎಣಿಸುತ್ತಾರೆ. ತಂದವರು ಕೇಡು ಬಗೆದವರಾಗಿರಲಾರರು. ಮೀನು ದೊಡ್ಡದಾಯಿತು, ಕೊಲ್ಲಲು ಮನಸ್ಸು ಬರಲಿಲ್ಲ, ಕಡಲಿಗೆ ಬಿಟ್ಟರು. ಆದರೆ ಒಂದು ಹೆಣ್ಣು ಸಿಂಹಮೀನು ವರ್ಷಕ್ಕೆ 20 ಲಕ್ಷದಷ್ಟು ಮೊಟ್ಟೆಯಿಡುತ್ತದೆ. ಆ ಕಡಲಿನ ಸಣ್ಣ ಮೀನುಗಳಿಗೆ ಈ ಶತ್ರುವಿನ ಗುರುತೇ ಇರಲಿಲ್ಲ. ಬಹಾಮಾ ದ್ವೀಪಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಂಹಮೀನಿದ್ದ ಸಣ್ಣ ದಿಬ್ಬಗಳಿಗೆ ಬಂದು ಸೇರುವ ಮರಿಮೀನುಗಳ ಸಂಖ್ಯೆ 5 ವಾರಗಳಲ್ಲಿ ಶೇಕಡಾ 79ರಷ್ಟು ಕುಗ್ಗಿದ್ದು ಕಂಡುಬಂತು. ಕೆಲವರ ಕರುಣೆ ಒಂದು ಸಮುದ್ರಕ್ಕೆ ಶಾಪವಾಯಿತು.

ಕಡಲಿನ ಮೀನನ್ನು ನಮ್ಮ ಕಾಲುವೆಗೆ ಬಿಟ್ಟರೆ ಅದು ಸಿಹಿನೀರಿನಲ್ಲಿ ಬದುಕದು. ಹಾಗೆ ಬಿಡುವುದು ಅದನ್ನು ನರಳಿಸಿ ಕೊಂದಂತೆ. ನಮಗಿರುವ ಅಪಾಯ ಸಿಹಿನೀರಿನ ಬೇಟೆಮೀನುಗಳಿಂದ. ಸೊಳ್ಳೆಯ ಮರಿ ತಿನ್ನಲೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ ಎಂಬ ಪುಟ್ಟ ಮೀನು ಅನೇಕ ಊರುಗಳ ಬಾವಿ ತೊಟ್ಟಿಗಳಲ್ಲಿದೆ. ಅದರಿಂದ ಉಪಕಾರವಾದದ್ದು ನಿಜ. ಅದೇ ಮೀನು ಕೆರೆಗೆ ಸೇರಿದಾಗ ಸ್ಥಳೀಯ ಮೀನುಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ ಎಂಬುದೂ ಅಷ್ಟೇ ನಿಜ. ಆಫ್ರಿಕದ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರಕಾರ 2000ದಲ್ಲಿ ನಿಷೇಧಿಸಬೇಕಾಯಿತು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಮೊಸಳೆಯಂಥ ಮೂತಿಯ, ಅಮೆರಿಕ ಮೂಲದ ಗಾರ್ ಮೀನು ಸಿಕ್ಕಿತು. ಇದು ಅಲಂಕಾರಕ್ಕೆಂದು ಮಾರುವ ಮೀನುಗಳಲ್ಲೊಂದು.

ತುಂಗಭದ್ರೆಗೂ ಅದರದೇ ಬೇಟೆಗಾರರುಂಟು. ಮೀಸೆ ಹೊತ್ತ, ಹುರುಪೆಯಿಲ್ಲದ, ಅಗಲಬಾಯಿಯ ಬಾಳೆಮೀನು ಅವುಗಳಲ್ಲೊಂದು. ಆದರೆ ಅದೂ ಅದರ ಬೇಟೆಯೂ ಒಂದೇ ನೀರಿನಲ್ಲಿ ಲಕ್ಷಾಂತರ ವರ್ಷ ಒಟ್ಟಿಗೆ ಬೆಳೆದು ಬಂದವು. ಒಂದಕ್ಕೆ ಹಿಡಿಯುವ ಉಪಾಯ ಗೊತ್ತು, ಇನ್ನೊಂದಕ್ಕೆ ತಪ್ಪಿಸಿಕೊಳ್ಳುವ ಉಪಾಯ ಗೊತ್ತು. ಪರದೇಶದ ಬೇಟೆಗಾರ ಬಂದರೆ ಈ ಒಪ್ಪಂದ ಮುರಿಯುತ್ತದೆ. ಬಲೆಯನ್ನೇ ನಂಬಿದ ಬೆಸ್ತರ ಅನ್ನಕ್ಕೂ ಆಗ ಕುತ್ತು ಬರುತ್ತದೆ.

ಕಡಲಿನ ಕಡೆಯ ಹೊಣೆಯೂ ಒಂದುಂಟು. ಹವಳವನ್ನು ಕಡಲಿನಿಂದ ಕಿತ್ತು ತಂದರೆ ದಿಬ್ಬವೇ ಅಳಿಯುತ್ತದೆ. 2001ರಲ್ಲಿ ಕಲ್ಲುಹವಳಗಳನ್ನೂ, ಕಡಲಕುದುರೆಗಳನ್ನೂ, ದೈತ್ಯ ಮುರುಮೀನನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಲಾಯಿತು. ನಮ್ಮ ಕಡಲಿನ ಕಲ್ಲುಹವಳವನ್ನು ಮನೆಯಲ್ಲಿಡುವುದು ಹುಲಿಯ ಚರ್ಮ ಇಟ್ಟುಕೊಂಡಂತೆಯೇ ಅಪರಾಧ. ಆದ್ದರಿಂದ ತಿಳಿದವರು ಸುಣ್ಣಕಲ್ಲನ್ನೋ ಸುಟ್ಟ ಮಣ್ಣಿನ ತುಂಡುಗಳನ್ನೋ ಜೋಡಿಸಿ ದಿಬ್ಬ ಕಟ್ಟುತ್ತಾರೆ. ಸೂಕ್ಷ್ಮಜೀವಿಗಳು ಅದರಲ್ಲೂ ಮನೆ ಮಾಡುತ್ತವೆ. ನಿಜವಾದ ದಿಬ್ಬವನ್ನು ನೋಡುವ ಬಯಕೆಯುಳ್ಳವರು ಮುರುಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪಕ್ಕೆ ಹೋಗಬಹುದು. ಅಲ್ಲಿ ಹವಳದ ನಡುವೆ ಮುರುಮೀನು ತನ್ನ ಮನೆಯಲ್ಲೇ ಬೇಟೆಯಾಡುವುದನ್ನು ನೀರಿಗಿಳಿದು ಕಾಣಬಹುದು.

ಇಷ್ಟನ್ನೂ ಕೇಳಿ, ಸಾಕುವ ಆಸೆಯೇ ತಪ್ಪೆಂದು ತಿಳಿಯಬೇಡಿ. ಗಾಜಿನ ಮುಂದೆ ಕುಳಿತ ಮಗು ಒಂದು ಗಂಟೆಯಲ್ಲಿ ಕಲಿಯುವುದನ್ನು ಪುಸ್ತಕ ಒಂದು ವರ್ಷದಲ್ಲಿ ಕಲಿಸಲಾರದು. ಆದರೆ ಅಂಗಡಿಯವನಿಗೆ ದುಡ್ಡು ಕೊಡುವ ಮುನ್ನ ನಾಲ್ಕು ಪ್ರಶ್ನೆಗಳನ್ನೂ ಕೇಳಿ. ಈ ಮೀನು ಎಷ್ಟು ದೊಡ್ಡದಾಗುತ್ತದೆ, ಏನು ತಿನ್ನುತ್ತದೆ, ಯಾರ ಜೊತೆ ಬಾಳುತ್ತದೆ, ಸಾಕಲಾಗದಿದ್ದರೆ ನೀನು ಹಿಂದಕ್ಕೆ ತೆಗೆದುಕೊಳ್ಳುವೆಯಾ ಎಂದು. ಕೊನೆಯದಕ್ಕೆ ಉತ್ತರ ಬಾರದಿದ್ದರೆ ಚಿಕ್ಕ ಸಾಧುಮೀನೊಂದನ್ನು ತಂದು ಸಂತೋಷಪಡಿ. ಈಗಾಗಲೇ ತಂದಿದ್ದರೆ, ಬೇಡವಾದ ದಿನ ಅದನ್ನು ಬಲ್ಲ ಇನ್ನೊಬ್ಬ ಸಾಕುವವರಿಗೋ ಅಂಗಡಿಗೋ ಮತ್ಸ್ಯಾಲಯಕ್ಕೋ ಮುಟ್ಟಿಸಿ. ಸಿರಿಗೇರಿಯ ಕಡೆಯ ಕಾಲುವೆಗೂ, ಹಗರಿಗೂ, ತುಂಗಭದ್ರೆಗೂ ಅದನ್ನು ಬಿಡಬೇಡಿ. ಆ ನೀರನ್ನು ನಂಬಿದ ಜೀವಿಗಳು ನಮಗಿಂತ ಮೊದಲೇ ಅಲ್ಲಿ ಮನೆ ಮಾಡಿವೆ.